ಎರಿ ನಾಡಿನ ಗಾಳಿ, ಇಂಜಿನ್ನಿನ ಪಾಲು

ಮುಂಡರಗಿ ಕಡೆಯ ಎರಿ ಹೊಲದಲ್ಲಿ ಬೇಸಿಗೆಯಲ್ಲಿ ರೆಂಟಿ ಹೊಡೆಯುವ ಟ್ರ್ಯಾಕ್ಟರ್ ತಾಸಿಗೆ ಎಷ್ಟು ಡೀಸೆಲ್ ಕುಡಿಯುತ್ತದೆಂದು ಯಾವ ರೈತರನ್ನು ಕೇಳಿದರೂ ಥಟ್ಟನೆ ಹೇಳುತ್ತಾರೆ. ಅದು ಕುಡಿಯುವ ಗಾಳಿಯ ಲೆಕ್ಕವನ್ನು ಯಾರೂ ಇಡುವುದಿಲ್ಲ. ಎರಡೂವರೆ ಲೀಟರ್ ಸಾಮರ್ಥ್ಯದ ಫೋರ್ ಸ್ಟ್ರೋಕ್ ಇಂಜಿನ್ ಪ್ರತಿ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗಿದರೆ 2500 ಲೀಟರ್. ಸಿಲಿಂಡರ್ ಎಂದೂ ಪೂರ್ತಿ ತುಂಬದು. ಅದನ್ನು ಕಳೆದರೂ ತಾಸಿಗೆ ಒಂದು ಲಕ್ಷ ಲೀಟರಿಗೂ ಮೇಲೆ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕಿಲೋ ಗಾಳಿ ಬೇಕೇ ಬೇಕು. ಎಣ್ಣೆಯನ್ನು ಪಂಪು ಒತ್ತಿ ಕೊಡುತ್ತದೆ. ಗಾಳಿಯನ್ನು, ಟರ್ಬೊ ಇಲ್ಲದ ಇಂಜಿನ್ ತಾನೇ ಎಳೆದುಕೊಳ್ಳಬೇಕು. ಆದ್ದರಿಂದ ಇಂಜಿನ್ನಿನ ತಾಕತ್ತಿಗೆ ಮಿತಿ ಹಾಕುವುದು ಅದರ ಎರಡು ಬದಿಯ ಕೊಳವೆಗಳು: ಗಾಳಿ ಒಳಗೆ ಬರುವುದೊಂದು, ಹೊಗೆ ಹೊರಗೆ ಹೋಗುವುದೊಂದು.

ನಮ್ಮ ಗಾಳಿಯೂ ಸ್ವಲ್ಪ ಕಡಿಮೆ ತೂಕದ್ದು. ಗದಗ-ಬೆಟಗೇರಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಶಾಖದಲ್ಲಿ, ಒಂದು ಘನಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದ ಮಧ್ಯಾಹ್ನ ಅದು 1.04 ಕಿಲೋ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಶೇ. 15ರಷ್ಟು ನಷ್ಟ. ಪಂಪು ಮಾತ್ರ ಎಂದಿನಷ್ಟೇ ಡೀಸೆಲ್ ಕೊಡುತ್ತದೆ; ಹೆಚ್ಚಾದ ಎಣ್ಣೆ ಅರೆಬರೆ ಉರಿದು ಕರಿ ಹೊಗೆಯಾಗುತ್ತದೆ. ಮಧ್ಯಾಹ್ನದ ಹೊತ್ತು ‘ಯಾಕೋ ಗಾಡಿ ಎಳೀವಲ್ದು’ ಎಂದು ಡ್ರೈವರ್ ಹೇಳಿದರೆ ಅದು ಬರೀ ಭ್ರಮೆಯಲ್ಲ.

ಎದುರುಗಾಳಿಯನ್ನೇ ಒಳಗೆ ನುಗ್ಗಿಸಿದರೆ ಈ ಕೊರತೆ ತುಂಬಬಹುದಲ್ಲ ಎಂಬ ಆಸೆ ಹಳೆಯದು. ಬಾನೆಟ್ ಮೇಲೆ ಬಾಯಿ ತೆರೆದ ಕಾರುಗಳು ಹುಟ್ಟಿದ್ದಕ್ಕೆ ಈ ಆಸೆಯೂ ಒಂದು ಕಾರಣ. ಆದರೆ ತಾಸಿಗೆ 100 ಕಿಲೋಮೀಟರ್ ಓಡುವ ಕಾರಿನ ಮೂತಿಗೆ ಬಡಿಯುವ ಗಾಳಿಯ ಹೆಚ್ಚುವರಿ ಒತ್ತಡ ವಾತಾವರಣದ ಒತ್ತಡದ ಶೇ. ಅರ್ಧವೂ ಇಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳ ರೆಕ್ಕೆ ತಿರುಗಿಸುವ ಗಾಳಿ ಇಂಜಿನ್ನಿಗೆ ಅಷ್ಟೂ ಕೊಡದು. ಅದೇ ಗಾಳಿಯನ್ನು ಬಾನೆಟ್ಟಿನ ಕುದಿಯಿಂದ ದೂರವಿಟ್ಟು, 20 ಡಿಗ್ರಿ ತಂಪಾಗಿ ಒಳಗೆ ಬಿಟ್ಟರೆ ಶೇ. 6ರಷ್ಟು ಹೆಚ್ಚು ಗಾಳಿ ಸಿಗುತ್ತದೆ. ಕಾರಿನ ಗಾಳಿ ಕೊಳವೆಯ ಬಾಯಿ ಹೆಡ್‌ಲೈಟಿನ ಪಕ್ಕದಲ್ಲೋ ರೇಡಿಯೇಟರಿನ ಮುಂದೋ ಇರುವುದು ಈ ಕಾರಣಕ್ಕೆ. ಹಳೆಯ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯ ಕೊಳವೆ ಹೊಗೆಯ ಕೊಳವೆಯ ನೆತ್ತಿಯ ಮೇಲೇ, ಒಂದೇ ಬದಿಯಲ್ಲಿತ್ತು. ಆ ಇಂಜಿನ್ ಹುಟ್ಟಿದ ಇಂಗ್ಲೆಂಡಿನ ಚಳಿಯಲ್ಲಿ ಪೆಟ್ರೋಲ್ ಆವಿಯಾಗಲು ಆ ಬಿಸಿ ಒಳ್ಳೆಯದೇ. ಲಕ್ಷ್ಮೇಶ್ವರದ ಮೇ ತಿಂಗಳಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಇನ್ನು ಧೂಳು. ನಮ್ಮ ಕಡೆಯ ಊರುಗಳ ಮಟ್ಟಿಗೆ ಇದೇ ದೊಡ್ಡ ಸಂಗತಿ. ಎರಿ ಮಣ್ಣಿನ ಧೂಳು ನುಣುಪು. ಶಿರಹಟ್ಟಿ ಕಡೆಯ ಮಸಾರಿಯಲ್ಲಿ ಹರಳು ಹೆಚ್ಚು. ಬೆಣಚುಕಲ್ಲಿನ ಪುಡಿ ಕಬ್ಬಿಣಕ್ಕಿಂತ ಗಟ್ಟಿ. ಅದು ಎಣ್ಣೆಯೊಡನೆ ಬೆರೆತು ರಿಂಗು ಮತ್ತು ಲೈನರ್ ನಡುವೆ ಸೇರಿದರೆ ಇಂಜಿನ್ ಬೇಗ ಬೋರಿಗೆ ಬರುತ್ತದೆ. ಇದನ್ನು ತಡೆಯಲು ಹಳೆಯ ಟ್ರ್ಯಾಕ್ಟರುಗಳಲ್ಲಿದ್ದ ಎಣ್ಣೆ ಡಬ್ಬಿಯ ಏರ್ ಕ್ಲೀನರ್, ನಾನು ಕಂಡ ಅತ್ಯಂತ ಜಾಣ ವಿನ್ಯಾಸಗಳಲ್ಲೊಂದು. ಗಾಳಿ ನಡುವಿನ ಕೊಳವೆಯಿಂದ ರಭಸವಾಗಿ ಕೆಳಗಿಳಿದು, ಎಣ್ಣೆಯ ಮೇಲೆ ಬಂದು, ತಟ್ಟನೆ ಮೇಲಕ್ಕೆ ತಿರುಗುತ್ತದೆ. ಹಗುರಾದ ಗಾಳಿಗೆ ತಿರುಗಲು ಬರುತ್ತದೆ, ಭಾರದ ಧೂಳಿಗೆ ಬರುವುದಿಲ್ಲ. ಅದು ನೇರ ಎಣ್ಣೆಗೆ ಬೀಳುತ್ತದೆ. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಗಾಳಿಯ ಹಿಂದೆ ಹೋಗಿ ಕಾಳು ಕಾಲಬುಡದಲ್ಲಿ ಉಳಿಯುವುದೂ ಇದೇ ನಿಯಮದಿಂದ. ತೂರಲು ಗಾಳಿ ಬೀಸಬೇಕಾದಂತೆ ಇಲ್ಲಿಯೂ ವೇಗ ಬೇಕು: ಇಂಜಿನ್ ಸುಮ್ಮನೆ ಗುರುಗುಟ್ಟುತ್ತ ನಿಂತಾಗ ಗಾಳಿ ಮೆಲ್ಲಗೆ ತಿರುಗುತ್ತದೆ, ಧೂಳೂ ಅದರ ಜೊತೆ ಒಳಗೆ ನುಸುಳುತ್ತದೆ. ರಾಶಿ ಮಷಿನ್ ಹೂಡಿ ಕೆಲಸವಿಲ್ಲದ ಹೊತ್ತಿನಲ್ಲೂ ಇಂಜಿನ್ ಚಾಲೂ ಇಡುವವರು ಇದನ್ನು ಗಮನಿಸಬೇಕು.

ಹೊಸ ಗಾಡಿಗಳ ಕಾಗದದ ಫಿಲ್ಟರಿಗೆ ಈ ದೋಷವಿಲ್ಲ. ಅದರ ಶತ್ರು ನಮ್ಮ ಅತಿಕಾಳಜಿ. ತುಸು ಧೂಳು ಹಿಡಿದ ಕಾಗದ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಏಕೆಂದರೆ ಕೂತ ಧೂಳೇ ಇನ್ನೊಂದು ಜರಡಿಯಾಗುತ್ತದೆ. ದಿನಾ ಬಿಚ್ಚಿ ಟಾಯರಿಗೆ ಬಡಿದು, ಪಂಕ್ಚರ್ ಅಂಗಡಿಯ ಹವಾ ಹೊಡೆಸಿದರೆ ಕಾಗದದಲ್ಲಿ ಕಾಣದ ತೂತು ಬೀಳುತ್ತದೆ, ಅಂಚಿನ ರಬ್ಬರ್ ಸೊಟ್ಟಗಾಗುತ್ತದೆ. ಗಾಳಿ ಯಾವಾಗಲೂ ತಡೆ ಕಡಿಮೆ ಇರುವ ದಾರಿ ಹುಡುಕುತ್ತದೆ. ಸೂಜಿಮೊನೆಯಷ್ಟು ಸಂದು ಸಿಕ್ಕರೂ ಅಲ್ಲಿಂದಲೇ ನುಗ್ಗುತ್ತದೆ, ಧೂಳಿನ ಸಮೇತ.

ಹೊಗೆಯ ಕೊಳವೆಯ ಬಗ್ಗೆ ನಮ್ಮಲ್ಲಿ ಬೇರೂರಿದ ನಂಬಿಕೆ ಒಂದಿದೆ: ಸೈಲೆನ್ಸರ್ ತೆಗೆಸಿದರೆ ಗಾಡಿ ಜೋರು ಓಡುತ್ತದೆ. ಆದರೆ ಆ ಕೊಳವೆಗೂ ಒಂದು ಕೆಲಸವಿದೆ. ವಾಲ್ವು ತೆರೆದ ಕ್ಷಣ ಹೊರಡುವ ಒತ್ತಡದ ಅಲೆ ಬಿಸಿ ಹೊಗೆಯಲ್ಲಿ ಸೆಕೆಂಡಿಗೆ 500 ಮೀಟರಿಗೂ ಹೆಚ್ಚು ವೇಗದಲ್ಲಿ ಓಡಿ, ಕೊಳವೆಯ ತೆರೆದ ತುದಿ ತಲುಪಿ, ಅಲ್ಲಿಂದ ಹೀರುವ ಅಲೆಯಾಗಿ ಹಿಂದಿರುಗುತ್ತದೆ. ವಾಲ್ವು ಮುಚ್ಚುವ ಮೊದಲೇ ಅದು ಬಂದು ಮುಟ್ಟಿದರೆ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಗೆ ಜಾಗ ಮಾಡುತ್ತದೆ. ಕೊಳವೆಯ ಉದ್ದ ಈ ಹೊತ್ತಿಗೆ ಹೊಂದುವಂತೆ ಇರುತ್ತದೆ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಅಲ್ಲಿ ವಾಲ್ವೇ ಇಲ್ಲ, ಹೊಗೆಯ ಹಿಂದೆ ಹೊಸ ಪೆಟ್ರೋಲೂ ಹೊರಗೆ ಸೋರುತ್ತದೆ. ಅದನ್ನು ತಿರುಗಿ ಒಳಗೆ ತಳ್ಳುವ ಅಲೆ ಬೇಕು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಈ ಅಲೆಯನ್ನು ಪಳಗಿಸಿಯೇ ತಮ್ಮ ಗಾಡಿಗಳಿಗೆ ರೇಸು ಗೆಲ್ಲಿಸಿದವರು. ಸೈಲೆನ್ಸರ್ ಕೊಯ್ಸಿದ ಹುಡುಗನಿಗೆ ಸಿಗುವುದು ಸದ್ದು. ಬೆಟಗೇರಿಯ ಗಲ್ಲಿಯಲ್ಲಿ ಬೇಕಾಗುವ ನಿಧಾನ ವೇಗದ ಎಳೆತವನ್ನು ಅವನು ಬಹುಮಟ್ಟಿಗೆ ಕಳೆದುಕೊಳ್ಳುತ್ತಾನೆ.

ಹೊಗೆಯನ್ನು ಎಲ್ಲಿ ಬಿಡಬೇಕೆಂಬುದೂ ಗಾಳಿಯ ಪ್ರಶ್ನೆಯೇ. ಟ್ರ್ಯಾಕ್ಟರಿನ ಸೈಲೆನ್ಸರ್ ಆಕಾಶ ನೋಡುವುದರಿಂದ ಒಣ ಸೊಪ್ಪೆಗೆ ಕಿಡಿ ತಾಗುವ ಭಯ ಕಡಿಮೆ. ರಸ್ತೆಯ ಗಾಡಿ ಹೊಗೆಯನ್ನು ಕೆಳಕ್ಕಾಗಲಿ ಎಡಕ್ಕಾಗಲಿ ಬಿಡಕೂಡದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಎಡಗಡೆ ಜನ ನಿಂತಿರುತ್ತಾರೆ. ಆದರೆ ಗದಗ–ಲಕ್ಷ್ಮೇಶ್ವರ ರಸ್ತೆಯಲ್ಲಿ ಹಿಂಬಾಗಿಲು ತೆರೆದುಕೊಂಡು ಓಡುವ ಟ್ರ್ಯಾಕ್ಸಿನಲ್ಲಿ ಕೂತವರಿಗೆ ಯಾವ ನಿಯಮವೂ ನೆರವಾಗದು. ಡಬ್ಬಿಯಾಕಾರದ ಗಾಡಿ ಗಾಳಿಯನ್ನು ಸೀಳಿ ಹೋದಂತೆ ಅದರ ಬೆನ್ನ ಹಿಂದೆ ಒತ್ತಡ ಕುಸಿಯುತ್ತದೆ, ಗಾಳಿ ಸುರುಳಿ ಸುತ್ತಿ ಗಾಡಿಯ ಕಡೆಗೇ ಮರಳುತ್ತದೆ, ರಸ್ತೆಯ ಧೂಳನ್ನೂ ಹೊಗೆಯನ್ನೂ ಎಳೆದು ತಂದು ಹಿಂದಿನ ಸೀಟಿಗೆ ತುಂಬುತ್ತದೆ. ಹೊಗೆ ಕೊಳವೆಯ ತುದಿ ಬಂಪರಿನಾಚೆ ಚಾಚಿರುವುದು ಇದನ್ನು ತಗ್ಗಿಸಲಿಕ್ಕೆ. ಆ ತುದಿ ತುಕ್ಕು ಹಿಡಿದು ಗಾಡಿಯ ಅಡಿಯಲ್ಲೇ ಮುರಿದಿದ್ದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೂಡ ಒಳಗೆ ಬರುತ್ತದೆ. ಶಾಲೆಗೆ ಹೋಗುವ ಮಕ್ಕಳು ಇಳಿದ ಮೇಲೆ ತಲೆನೋವು, ವಾಕರಿಕೆ ಎಂದರೆ ಬಿಸಿಲನ್ನು ದೂರುವ ಮೊದಲು ಗಾಡಿಯ ಕೆಳಗೆ ಬಗ್ಗಿ ಆ ಕೊಳವೆಯನ್ನು ನೋಡಬೇಕು.