ನಿಲ್ಲುವ ಹೊತ್ತಿಗೆ ಮುನಿಯುವ ಗೇರು

ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ ಅಂದು ಸಂತೆ. ತರುಣ ಮಾಸ್ತರರೊಬ್ಬರು ತಾಯಿಯನ್ನು ಹಿಂದೆ ಕುಳ್ಳಿರಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದರು. ಗೋವಿನಜೋಳದ ಚೀಲಗಳನ್ನು ಹೇರಿದ ಚಕ್ಕಡಿಯೊಂದು ಫಕ್ಕನೆ ಅಡ್ಡ ಬಂದಿತು. ಮಾಸ್ತರರು ಕ್ಲಚ್ ಹಿಡಿದು, ಬ್ರೇಕು ಒತ್ತಿ, ಗಾಡಿಯನ್ನು ನಿಲ್ಲಿಸಿದರು. ನಿಂತಿತೇನೋ ನಿಜ, ಆದರೆ ನಿಂತದ್ದು ಮೂರನೆಯ ಗೇರಿನಲ್ಲಿ. ಚಕ್ಕಡಿ ದಾಟಿದ ಮೇಲೆ ಕಾಲಿನಿಂದ ಎಷ್ಟು ಒತ್ತಿದರೂ ಗೇರು ಇಳಿಯಲೊಲ್ಲದು. ಹಾಗೆಯೇ ಕ್ಲಚ್ ಬಿಟ್ಟರು. ಇಂಜಿನು ಒಮ್ಮೆ ನಡುಗಿ ಆರಿಹೋಯಿತು. ಹಿಂದಿನಿಂದ ಲಾರಿಯ ಹಾರ್ನು ಅರಚತೊಡಗಿತು.

"ಯಾಕಪಾ, ಏನಾತು?"

"ಗೇರು ಬೀಳವಲ್ದವ್ವಾ."

ತಾಯಿ ಮೆಲ್ಲನೆ ಇಳಿದು ರಸ್ತೆಯ ಅಂಚಿಗೆ ಸರಿದು ನಿಂತರು. ಅಂದು ಅನಾಹುತವೇನೂ ಆಗಲಿಲ್ಲ. ಆದರೆ ಇದೇ ಪ್ರಸಂಗ ರಾಣೆಬೆನ್ನೂರಿನ ಹೆದ್ದಾರಿಯಲ್ಲಿ ನಡೆದಿದ್ದರೆ, ಹಿಂದಿನ ಲಾರಿ ಹಾರ್ನು ಹಾಕುವಷ್ಟಕ್ಕೇ ಸುಮ್ಮನಾಗುತ್ತಿತ್ತೆಂದು ಹೇಳುವಂತಿಲ್ಲ.

ಓಡುವಾಗ ಇಷ್ಟು ವಿಧೇಯವಾಗಿರುವ ಗೇರು ನಿಂತೊಡನೆ ಮೊಂಡುತನ ಹಿಡಿಯುವುದೇಕೆ? ಗೇರುಪೆಟ್ಟಿಗೆಯೊಳಗಿನ ಹಲ್ಲುಚಕ್ರಗಳು ಸದಾ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಸವಾರನು ಲಿವರನ್ನು ಒತ್ತಿದಾಗ ಒಂದು ಚಕ್ರವು ಪಕ್ಕಕ್ಕೆ ಸರಿದು, ಅದರ ಬದಿಯ ಗಟ್ಟಿ ಗೂಟಗಳು ನೆರೆಯ ಚಕ್ರದ ಗುಳಿಗಳಲ್ಲಿ ಹೊಕ್ಕು ಕುಳಿತುಕೊಳ್ಳಬೇಕು. ಚಕ್ರಗಳು ತಿರುಗುತ್ತಿರುವಾಗ ಗೂಟಕ್ಕೆ ಗುಳಿ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಗಾಡಿ ನಿಂತು, ಕ್ಲಚ್ಚೂ ಹಿಡಿದಿದ್ದರೆ ಎಲ್ಲವೂ ಸ್ತಬ್ಧ; ಗೂಟದ ಎದುರಿಗೆ ಗುಳಿಯ ಬದಲು ಗೋಡೆ ಇರಬಹುದು. ಆಗ ಕಾಲಿನ ಬಲ ನಿರರ್ಥಕ. ಬಲ ಹೆಚ್ಚಿದಷ್ಟೂ ಒಳಗಿನ ಕವಲುಗಳು ಬಾಗುವ ಭಯವುಂಟು.

ಮೋಟಾರ್ ಸೈಕಲ್ಲಿನಲ್ಲಿ ಮತ್ತೊಂದು ಕಟ್ಟುಪಾಡೂ ಇದೆ. ಕಾರಿನಲ್ಲಿ ನಾಲ್ಕನೆಯ ಗೇರಿನಿಂದ ನೇರವಾಗಿ ಮೊದಲನೆಯದಕ್ಕೆ ಬರಬಹುದು. ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯಬೇಕು. ನ್ಯೂಟ್ರಲ್ ಇರುವುದು ಬಹುಮಟ್ಟಿಗೆ ಒಂದು ಮತ್ತು ಎರಡನೆಯ ಗೇರುಗಳ ನಡುವೆ. ಈ ತೊಡಕು ತಯಾರಕರಿಗೂ ತಿಳಿದದ್ದೇ. 1955ರಿಂದ ಮದರಾಸಿನಲ್ಲಿ ಸಿದ್ಧವಾಗತೊಡಗಿದ ಬುಲೆಟ್ಟಿಗೆ ಹಿಂದೆ ಗೇರಿನ ಲಿವರಿನ ಬಳಿ ಇನ್ನೊಂದು ಪುಟ್ಟ ಲಿವರಿರುತ್ತಿತ್ತು. ಮೇಲಿನ ಗೇರಿನಲ್ಲಿ ಗಾಡಿ ನಿಂತರೂ, ಕ್ಲಚ್ ಹಿಡಿದು ಅದನ್ನು ಮೆಟ್ಟಿದರೆ ನೇರವಾಗಿ ನ್ಯೂಟ್ರಲ್. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾದಲ್ಲಿ ಗೇರಿನ ಲಿವರನ್ನು ಒತ್ತಿದರೆ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುತ್ತಿತ್ತು. ಇಂದಿನ ಸಾಮಾನ್ಯ ಗಾಡಿಗಳಲ್ಲಿ ಇಂತಹ ಉಪಾಯಗಳಿಲ್ಲ. ಸವಾರನ ಅಭ್ಯಾಸವೇ ಉಪಾಯ.

ಆ ಅಭ್ಯಾಸ ಹೀಗಿರಬೇಕು: ದೂರದಲ್ಲಿ ತಡೆ ಕಂಡೊಡನೆ ಎಕ್ಸಿಲರೇಟರ್ ಇಳಿಸಿ ಬ್ರೇಕು ಹಿಡಿಯುವುದು, ವೇಗ ತಗ್ಗಿದಂತೆ ಒಂದೊಂದೇ ಗೇರು ಇಳಿಸುತ್ತ, ಪ್ರತಿಯೊಂದಕ್ಕೂ ಕ್ಲಚ್ಚನ್ನು ಹದವಾಗಿ ಬಿಟ್ಟು ಹಿಡಿಯುವುದು, ಗಾಲಿ ಇನ್ನೂ ಉರುಳುತ್ತಿರುವಾಗಲೇ ಕೆಳಗಿನ ಗೇರಿಗೆ ಬಂದುಬಿಡುವುದು. ದೂರದಿಂದಲೇ ಕ್ಲಚ್ ಹಿಡಿದು ತೇಲಿಬರುವವರು ಇಂಜಿನಿನ ತಡೆಯನ್ನೂ ಕಳೆದುಕೊಳ್ಳುತ್ತಾರೆ, ಕೊನೆಗೆ ಗೇರನ್ನೂ.

ಹಾಗೂ ಮೇಲಿನ ಗೇರಿನಲ್ಲಿಯೇ ನಿಲ್ಲಬೇಕಾಗಿ ಬಂದರೆ, ಲಿವರನ್ನು ಒದೆಯಬಾರದು. ಬ್ರೇಕು ಹಿಡಿದೇ ಕ್ಲಚ್ಚನ್ನು ಒಂದಿಷ್ಟೇ ಸಡಿಲಿಸಿ, ಮತ್ತೆ ಹಿಡಿದು, ಲಿವರನ್ನು ಮೆಲ್ಲನೆ ಒತ್ತಬೇಕು. ಇಲ್ಲವೇ ಕುಳಿತಲ್ಲಿಂದಲೇ ಗಾಡಿಯನ್ನು ಹಿಂದಕ್ಕೆ ಮುಂದಕ್ಕೆ ಗೇಣುದ್ದ ಅಲುಗಿಸಬೇಕು. ಗುಳಿ ಎದುರಾದೊಡನೆ ಗೇರು ತಾನಾಗಿ ಬೀಳುತ್ತದೆ.

ಇಷ್ಟೆಲ್ಲ ಮಾಡಿಯೂ ದಿನವೂ ಇದೇ ಗೋಳಾದರೆ ದೋಷ ಗಾಡಿಯದು. ಪರೀಕ್ಷೆ ಸುಲಭ. ಇಂಜಿನು ಆರಿಸಿ, ಗಾಡಿಯನ್ನು ಅಲುಗಿಸುತ್ತ ಗೇರು ಬದಲಿಸಿ ನೋಡಬೇಕು. ಆಗ ಸರಾಗವಾಗಿ ಬಿದ್ದು, ಇಂಜಿನು ಓಡುವಾಗ ಮಾತ್ರ ತಡೆದರೆ ಕ್ಲಚ್ ಪೂರ್ತಿಯಾಗಿ ಬಿಡುತ್ತಿಲ್ಲವೆಂದೇ ಅರ್ಥ. ಇಂಜಿನಿನ ಎಳೆತಕ್ಕೆ ಸಿಕ್ಕ ಗೂಟಗಳು ಗುಳಿಯ ಗೋಡೆಯನ್ನು ಒತ್ತಿಹಿಡಿದು ಹೊರಬರುವುದಿಲ್ಲ. ಮೊದಲು ಕೇಬಲ್ಲನ್ನು ನೋಡಬೇಕು. ಅನೇಕ ಗಾಡಿಗಳಲ್ಲಿ ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲವಿರುವುದು ಸರಿ. ಅದಕ್ಕಿಂತ ಹೆಚ್ಚಾದರೆ ಬಿಗಿಗೊಳಿಸಬೇಕು. ಎಳೆ ಹರಿದ ಕೇಬಲ್ಲು, ಹಳಸಿದ ಆಯಿಲ್ಲು, ಬಾಗಿದ ಕ್ಲಚ್ ಪ್ಲೇಟುಗಳೂ ಕಾರಣವಾಗಬಹುದು. ಇಂಜಿನು ಆರಿದಾಗಲೂ ಗೇರು ಬೀಳದಿದ್ದರೆ ಲಿವರು ಬಾಗಿದೆಯೇ, ಬೋಲ್ಟು ಸಡಿಲಿದೆಯೇ, ಸಂದಿನಲ್ಲಿ ಮಳೆಗಾಲದ ಕೆಸರು ಒಣಗಿ ಕುಳಿತಿದೆಯೇ ಎಂದು ನೋಡಬೇಕು. ಅದಕ್ಕೂ ಮಿಗಿಲಾದದ್ದು ಮೆಕ್ಯಾನಿಕ್ಕನ ಕೆಲಸ.

ನಮ್ಮ ಮಾಸ್ತರರೂ ಗಾಡಿಯನ್ನು ನೂಕಿಕೊಂಡು ಮೆಕ್ಯಾನಿಕ್ಕನಲ್ಲಿಗೆ ಹೋದರು. ಆತ ಕೇಬಲ್ಲಿನ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿ, ಕೈ ಒರೆಸಿಕೊಳ್ಳುತ್ತ ಹೇಳಿದ:

"ಕೇಬಲ್ಲು ಸಡ್ಲಾಗಿತ್ರಿ ಮಾಸ್ತರ, ಬಿಗಿ ಮಾಡೇನಿ. ಆದ್ರ ಇನ್ನ ಮ್ಯಾಲೆ ನಿಂತು ಗೇರ್ ಇಳಸಬ್ಯಾಡ್ರಿ. ಗೇರ್ ಇಳಿಸಿಕೋತ ನಿಲ್ರಿ."

ತಾಯಿ ಮತ್ತೆ ಹಿಂದೆ ಕುಳಿತು ಮಗನ ಹೆಗಲನ್ನು ಬಿಗಿಯಾಗಿ ಹಿಡಿದರು. ಊರ ಹೊರಗೆ ಎಮ್ಮೆಗಳ ಹಿಂಡೊಂದು ಅಡ್ಡ ಬಂದಿತು. ಮೂರು, ಎರಡು, ಒಂದು. ಗೇರುಗಳು ಸದ್ದಿಲ್ಲದೆ ಇಳಿದವು. ಎಮ್ಮೆಗಳು ದಾಟಿಹೋದವು, ಗಾಡಿ ಮುಂದೆ ಸಾಗಿತು. ಹೆಗಲ ಮೇಲಿನ ಹಿಡಿತ ಸಡಿಲಿದ್ದು ಮಾಸ್ತರರಿಗೆ ತಿಳಿಯಿತು.