ಒಂದೊಂದೇ ಚಮಚ

ನಡುರಾತ್ರಿ ಕಳೆದಿತ್ತು. ಸಂಜೆಯಿಂದ ವಾಂತಿಭೇದಿಗಳಿಂದ ಬಳಲಿದ ಒಂದೂವರೆ ವರ್ಷದ ಮಗು ಅಜ್ಜಿಯ ಮಡಿಲಲ್ಲಿ ಬಾಡಿದ ಬಳ್ಳಿಯಂತೆ ಒರಗಿತ್ತು. ತಾಯಿ ನೀರಿನ ಲೋಟ ತಂದಳು. ಅಜ್ಜಿ ಕೈ ಅಡ್ಡ ಹಿಡಿದಳು.

"ಬೇಡ ಕಣೇ. ಕೊಟ್ಟದ್ದೆಲ್ಲ ಹಾಗೆಯೇ ಹೊರಗೆ ಹೋಗುತ್ತದೆ. ಹೊಟ್ಟೆ ಖಾಲಿಯಿರಲಿ."

"ಬಾಯಿ ಒಣಗಿದೆ ಅತ್ತೆ, ನೋಡಿ."

ಅಜ್ಜಿಯ ಮಾತಿನಲ್ಲಿ ಅಕ್ಕರೆಗೆ ಕೊರತೆಯಿರಲಿಲ್ಲ. ಹಬ್ಬದೂಟದ ಅಜೀರ್ಣಕ್ಕೆ ದೊಡ್ಡವರು ಲಂಘನ ಮಾಡಿದರೆ ಸರಿ; ಎಳೆಯ ಕೂಸಿಗೆ ಆ ನ್ಯಾಯ ಸಲ್ಲದು. ಭೇದಿಯಲ್ಲಿ ಮಗುವನ್ನು ಕೊಲ್ಲುವುದು ಬಹುಮಟ್ಟಿಗೆ ರೋಗಾಣುವಲ್ಲ, ಮೈಯಿಂದ ಹರಿದುಹೋಗುವ ನೀರು ಮತ್ತು ಉಪ್ಪಿನ ನಷ್ಟ.

ಹಾಗಾದರೆ ಕೊಟ್ಟ ನೀರು ಒಳಗೆ ನಿಲ್ಲುವುದು ಹೇಗೆ? ಕರುಳಿನ ಗೋಡೆಯಲ್ಲಿ ಉಪ್ಪಿನ ಸೋಡಿಯಮ್ಮೂ ಗ್ಲೂಕೋಸೂ ಜೊತೆಯಾಗಿ ಒಳಹೋಗುವ ಬಾಗಿಲೊಂದಿದೆ. ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಭೇದಿಯ ನಡುವೆಯೂ ಈ ಬಾಗಿಲು ಸಾಮಾನ್ಯವಾಗಿ ಮುಚ್ಚುವುದಿಲ್ಲ. ೧೯೭೧ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ತುಂಬಿದ್ದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ಸಾಲದೆ ಬಂದಾಗ, ಡಾಕ್ಟರ್ ದಿಲೀಪ್ ಮಹಲನಾಬಿಸ್ ಇದೇ ಬಾಗಿಲನ್ನು ನಂಬಿದರು. ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಅಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಓದುಬರಹ ಬಾರದ ತಾಯಂದಿರೂ ಅಂದು ವೈದ್ಯರ ಕೆಲಸ ಮಾಡಿದರು!

ಇಲ್ಲಿ ತಂದೆ ಅಲಮಾರು ತಡಕಿ ಓ.ಆರ್.ಎಸ್. ಪೊಟ್ಟಣವೊಂದನ್ನು ಹುಡುಕಿದ. ಅರ್ಧ ಪುಡಿಯನ್ನು ಅರ್ಧ ಲೋಟಕ್ಕೆ ಸುರಿಯಹೊರಟಿದ್ದವನನ್ನು ತಾಯಿ ತಡೆದಳು. ನೀರು ಕಡಿಮೆಯಾಗಿ ದ್ರಾವಣ ಗಟ್ಟಿಯಾದರೆ ಮೈಯೊಳಗಿನ ನೀರನ್ನೂ ಕರುಳಿಗೆ ಸೆಳೆದೀತು. ಪೊಟ್ಟಣದ ಮೇಲೆ ಬರೆದಿದ್ದಂತೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಇಡೀ ಪುಡಿ ಬಿತ್ತು. ಅಂಗಡಿಯ ಸಿಹಿ ಪಾನೀಯ ಇದಕ್ಕೆ ಬದಲಿಯಲ್ಲ. ಅತಿ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

ದಾಹಗೊಂಡ ಮಗು ಗಟಗಟನೆ ಕುಡಿದು, ಕುಡಿದದ್ದನ್ನೆಲ್ಲ ಕಕ್ಕಿತು.

"ನಾನು ಹೇಳಲಿಲ್ಲವೇ?" ಎಂದಳು ಅಜ್ಜಿ.

ತಾಯಿ ಉತ್ತರ ಕೊಡದೆ ಹತ್ತು ನಿಮಿಷ ಕಾದಳು. ಬಳಿಕ ಒಂದು ಚಮಚ. ನಿಮಿಷ ಕಳೆದು ಇನ್ನೊಂದು. ಪ್ರತಿ ಭೇದಿಯ ನಂತರ ೫೦ರಿಂದ ೧೦೦ ಮಿಲಿಲೀಟರ್ ಹೀಗೆಯೇ ಒಳಸೇರಬೇಕು, ಆತುರಕ್ಕೆ ಎಡೆಯಿಲ್ಲ. ಇಪ್ಪತ್ತನೆಯ ಚಮಚಕ್ಕೆ ಅವಳ ಕೈ ಸೋತಿತು. ಅಜ್ಜಿ ಮಾತಿಲ್ಲದೆ ಚಮಚವನ್ನು ಇಸಿದುಕೊಂಡಳು.

ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ನಿಧಾನವಾಗಿ ಮರಳಿದರೆ, ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಓಡಲೇಬೇಕು. ಗಾಡಿಯ ಬೀಗದ ಕೈಯನ್ನು ತಂದೆ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದ. ಭೇದಿ ಕಟ್ಟಿಸುವ ದೊಡ್ಡವರ ಮಾತ್ರೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ಕೂಸುಗಳಿಗೆ ಅಪಾಯಕರ.

ನಸುಕಿಗೆ ಮಗು ಎದೆಹಾಲಿಗೆ ತಡಕಾಡಿತು. ಹಾಲು ನಿಲ್ಲಿಸಬೇಕಾಗಿರಲಿಲ್ಲ. ಅಜ್ಜಿ ಗಂಜಿಗೆ ಅಕ್ಕಿ ತೊಳೆಯಲೆಂದು ಏಳುವಷ್ಟರಲ್ಲಿ ಸೀರೆಯ ಮಡಿಲು ಬೆಚ್ಚಗೆ ನೆನೆಯಿತು. ಮುಟ್ಟಿ ನೋಡಿದಳು, ಭೇದಿಯಲ್ಲ.

"ಏಳೇ, ಉಚ್ಚೆ ಹೊಯ್ದಿದೆ!" ಎಂದು ಸೊಸೆಯನ್ನು ಕೂಗಿದ ಅಜ್ಜಿಗೆ ಮಡಿಸೀರೆಯ ನೆನಪೇ ಇರಲಿಲ್ಲ.