ಕನ್ನಡಿ ತಿಕ್ಕಿದ ಕೈ

ಅನಗೋಳದ ನಮ್ಮ ನೆರೆಮನೆಯ ತರುಣನೊಬ್ಬನು ದೂರದರ್ಶಕಕ್ಕೆಂದು 6 ಅಂಗುಲದ ಗಾಜನ್ನು ತಿಂಗಳುಗಟ್ಟಲೆ ತಿಕ್ಕಿದನು. ಒಂದರ ಮೇಲೊಂದು ಎರಡು ಬಿಲ್ಲೆ, ನಡುವೆ ಕಾರ್ಬೊರಂಡಂ ಪುಡಿ, ನೀರು. ತಿಕ್ಕಿದಂತೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ನಯವಾದ ಪುಡಿಗೆ ಬದಲಿಸುವಾಗ ಆತನು ಕೈ ಸರಿಯಾಗಿ ತೊಳೆಯಲಿಲ್ಲ. ಉಳಿದಿದ್ದ ಒಂದು ದಪ್ಪ ಕಣ ಗೀರೆಳೆಯಿತು.

ಬಿಸುಡುವೆನೆಂದು ಕಣ್ಣೀರಿಟ್ಟವನಿಗೆ ನಾವು ಕಾವಲೂರಿನ ಮಾತು ಹೇಳಿದೆವು. 1986ರಲ್ಲಿ ವೈನು ಬಾಪು ಅವರ ಹೆಸರು ಪಡೆದ ಅಲ್ಲಿನ ದೂರದರ್ಶಕದ 2.34 ಮೀಟರಿನ ಕನ್ನಡಿಯನ್ನು ನಮ್ಮ ಬೆಂಗಳೂರಿನಲ್ಲಿಯೇ ಉಜ್ಜಿ ಸಿದ್ಧಗೊಳಿಸಿದರು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು ತಪ್ಪಿದರೂ ನಕ್ಷತ್ರ ಮಸುಕಾಗುವ ಕೆಲಸವದು.

ಆತನು ಮತ್ತೆ ದಪ್ಪ ಪುಡಿಯಿಂದಲೇ ತೊಡಗಿದನು. ಮೊನ್ನೆ ಮಾಳಿಗೆಯ ಮೇಲೆ ಆತನ ಅಜ್ಜಿಯವರು ಗುರುಗ್ರಹದ ನಾಲ್ಕು ಚಂದ್ರರನ್ನು ಎಣಿಸಿದರು. ಮಕ್ಕಳ ಕೆಲಸ ಕೆಟ್ಟಾಗ ತಾಯಂದಿರು ಗದರದೆ, ಕೈ ತೊಳೆದು ಮತ್ತೆ ಕೂಡಲು ಹೇಳಲಿ.